ಈಚಲಿನಿಂದ ಪ್ಯಾಕೆಟ್ಟಿನವರೆಗೆ: ಚಿತ್ರದುರ್ಗ ಸೀಮೆಯಲ್ಲಿ ಮದ್ಯದ ಕಾನೂನು, ವಿತರಣೆ ಮತ್ತು ವಿಸ್ಕಿಯ ಬೆಲೆ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಜನ ಹರಕೆ ಹೊತ್ತು ಬರುತ್ತಾರೆ, ಗಂಗೆಯ ಕೊಳದ ಮುಂದೆ ಕೈಮುಗಿದು ಕಾಯುತ್ತಾರೆ. ಮದ್ಯದ ಬೆಲೆಯ ಇತಿಹಾಸವನ್ನು ಇಂಥ ಕ್ಷೇತ್ರದಿಂದ ಆರಂಭಿಸಲು ಕಾರಣವಿದೆ. ದೇವಸ್ಥಾನ, ಶಾಲೆ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು ಎಂಬುದು ರಾಜ್ಯದ ಅಬಕಾರಿ ನಿಯಮ. ಅಂಗಡಿ ಎಲ್ಲಿರಬೇಕೆಂದು ಹೇಳುವ ಕಾನೂನೇ ಬಾಟಲಿಗೆ ಎಷ್ಟು ಕೊಡಬೇಕೆಂದೂ ಹೇಳುತ್ತದೆ. ಈ ಎರಡು ಕಟ್ಟಳೆಗಳ ನಡುವಿನ ಸಂಬಂಧವೇ ಈ ಲೇಖನದ ವಿಷಯ. ವಿಸ್ಕಿಯ ಬೆಲೆ ರಾಜ್ಯಕ್ಕೆಲ್ಲ ಒಂದೇ, ಅದು ಸಿಗುವ ಜಾಗ ಮಾತ್ರ ಸನ್ನದು ಇದ್ದಲ್ಲಿ. ಹಳ್ಳಿಯ ಅಕ್ರಮ ಮಾರಾಟ ಬೇರುಬಿಟ್ಟಿರುವುದು ಈ ಸಂದಿನಲ್ಲಿ ಎಂಬುದು ನನ್ನ ವಾದ.

ತುರುವನೂರಿನಿಂದ 1967ರವರೆಗೆ

ವಿಸ್ಕಿ ಹಳ್ಳಿಗೆ ಕಾಲಿಡುವ ಮೊದಲು ಈ ಸೀಮೆಯ ಅಮಲೆಂದರೆ ಈಚಲ ಹೆಂಡ ಮತ್ತು ಸಾರಾಯಿ. ಮಾರಾಟದ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತಿತ್ತು, ಹೆಚ್ಚು ಕೂಗಿದ ಗುತ್ತಿಗೆದಾರ ಪಡೆಯುತ್ತಿದ್ದ. ಹೀಗಾಗಿ ಈಚಲ ಮರ ಸರ್ಕಾರದ ವರಮಾನದ ಗುರುತೂ ಆಗಿತ್ತು. 1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನ ಸತ್ಯಾಗ್ರಹಿಗಳು ಆ ಮರಕ್ಕೇ ಕೊಡಲಿ ಹಾಕಿದರು. ಚಿತ್ರದುರ್ಗದಲ್ಲಿ ವಕೀಲಿ ಮಾಡುತ್ತಿದ್ದ ಎಸ್. ನಿಜಲಿಂಗಪ್ಪ ಆ ಹೋರಾಟದಲ್ಲಿ ಸೆರೆಮನೆ ಕಂಡರು.

1956ರ ಏಕೀಕರಣದ ನಂತರ ಹೊಸ ಮೈಸೂರು ರಾಜ್ಯದಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ಮದ್ಯದ ಕಾನೂನಿತ್ತು. ಮುಂಬಯಿ, ಮದರಾಸು ಪ್ರಾಂತ್ಯಗಳಿಂದ ಬಂದ ಜಿಲ್ಲೆಗಳು ನಿಷೇಧವನ್ನು ಜೊತೆಗೇ ತಂದಿದ್ದವು. 1962ರಲ್ಲಿ ಹೊಸದುರ್ಗದಲ್ಲಿ ಸೋತ ನಿಜಲಿಂಗಪ್ಪ ಬಾಗಲಕೋಟೆಯಿಂದ ಆರಿಸಿಬಂದು ಮುಖ್ಯಮಂತ್ರಿಯಾದರು. ಅವರ ಕಾಲದಲ್ಲೇ 1965ರ ಅಬಕಾರಿ ಅಧಿನಿಯಮ ರೂಪುಗೊಂಡಿತು, 1967ರಲ್ಲಿ ಪಾನನಿಷೇಧ ಕೊನೆಗೊಂಡಿತು.

ಇದನ್ನು ಒಬ್ಬ ನಾಯಕ ಮಾತು ತಪ್ಪಿದ ಕತೆಯೆಂದು ಓದಿದರೆ ಮುಖ್ಯ ಸಂಗತಿ ಕೈತಪ್ಪುತ್ತದೆ. ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆ ನಡೆಯಿರೆಂದು ರಾಜ್ಯಗಳಿಗೆ ಹೇಳುತ್ತದೆ. ಏಳನೇ ಅನುಸೂಚಿಯ ರಾಜ್ಯಪಟ್ಟಿ ಅದೇ ಮದ್ಯದ ಸುಂಕವನ್ನು ರಾಜ್ಯಗಳ ಬೊಕ್ಕಸಕ್ಕೇ ಬಿಟ್ಟಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕುಡಿಯುವ ಮದ್ಯ ಅದರ ಹೊರಗುಳಿಯಿತು. ರಾಜ್ಯ ತಾನೇ ಏರಿಸಬಲ್ಲ ತೆರಿಗೆಗಳು ಬೆರಳೆಣಿಕೆಯಷ್ಟಾದ ಮೇಲೆ ಅಬಕಾರಿಯ ಮೇಲಿನ ಅವಲಂಬನೆ ಇನ್ನೂ ಬಿಗಿಯಾಯಿತು.

ಬೆಲೆ ಕಟ್ಟುವ ಬಗೆ

2003ರಲ್ಲಿ ಕರ್ನಾಟಕ ರಾಜ್ಯ ಪಾನೀಯ ನಿಗಮ ಸ್ಥಾಪನೆಯಾಯಿತು. ಅಂದಿನಿಂದ ಡಿಸ್ಟಿಲರಿಯ ಮಾಲು ನಿಗಮದ ಡಿಪೊ ಹಾದೇ ಸನ್ನದುದಾರನ ಕೈಸೇರಬೇಕು. ತಯಾರಕ ತನ್ನ ಬೆಲೆಯನ್ನು ಘೋಷಿಸುತ್ತಾನೆ. ಅದರ ಮೇಲೆ ಅಬಕಾರಿ ಸುಂಕ, ಜೊತೆಗೆ ಘೋಷಿತ ಬೆಲೆ ಯಾವ ಸ್ಲ್ಯಾಬಿಗೆ ಬೀಳುತ್ತದೋ ಅದಕ್ಕೆ ತಕ್ಕ ಹೆಚ್ಚುವರಿ ಅಬಕಾರಿ ಸುಂಕ, ಆಮೇಲೆ ನಿಗಮದ ಮತ್ತು ಅಂಗಡಿಯ ಪಾಲು. ಕೊನೆಗೆ ಎಂಆರ್‌ಪಿ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಅಗ್ಗದ ವಿಸ್ಕಿಯ ಮೂಲ ಕಬ್ಬಿನ ಕಾಕಂಬಿಯ ಮದ್ಯಸಾರ. ಅದರ ಬೆಲೆಯನ್ನು ಕಾಕಂಬಿಗಿಂತ ಹೆಚ್ಚಾಗಿ ಸ್ಲ್ಯಾಬೇ ತೀರ್ಮಾನಿಸುತ್ತದೆ.

2023ರ ಜುಲೈ ಬಜೆಟ್‌ನಲ್ಲಿ 18 ಸ್ಲ್ಯಾಬುಗಳಿಗೂ ಹೆಚ್ಚುವರಿ ಸುಂಕ ಶೇ 20ರಷ್ಟು ಏರಿತು. ಮರುವರ್ಷ ಸ್ಲ್ಯಾಬುಗಳನ್ನು 16ಕ್ಕೆ ಇಳಿಸಿದಾಗ ಅಗ್ಗವಾದದ್ದು ಮೇಲಿನ ದರ್ಜೆಯ ಮದ್ಯ. ನೆರೆರಾಜ್ಯಗಳ ಬೆಲೆಗೆ ಹೊಂದಿಸುವುದು ಅದರ ಉದ್ದೇಶವಾಗಿತ್ತು. ನೆರೆಯಿಂದ ಬಾಟಲಿ ತರಬಲ್ಲವನಿಗೆ ಇದರಿಂದ ರಿಯಾಯಿತಿ ಸಿಕ್ಕಿತು. ಕೂಲಿ ಮುಗಿಸಿ ಪ್ಯಾಕೆಟ್ ಕೊಳ್ಳುವವನಿಗೆ ಸಿಗಲಿಲ್ಲ.

ಸನ್ನದಿನ ಭೂಗೋಳ

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಅಗ್ಗದ ವಿಸ್ಕಿಯ ಕಡೆ ಹೊರಳಿತು. ಸಾರಾಯಿ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ವಿಸ್ಕಿಯೂ ಟೆಟ್ರಾ ಪ್ಯಾಕಿನಲ್ಲಿ ಬಂದಾಗ ಜನರ ಬಾಯಲ್ಲಿ ಅದೂ ಪ್ಯಾಕೆಟ್ಟೇ ಆಯಿತು.

ಆದರೆ ಅಂಗಡಿಗಳ ಲೆಕ್ಕ ಬೇಡಿಕೆಯ ಜೊತೆ ಹೆಜ್ಜೆ ಹಾಕಲಿಲ್ಲ. ಚಿಲ್ಲರೆ ಮಾರಾಟದ ಸಿಎಲ್-2, ಬಾರುಗಳ ಸಿಎಲ್-9 ಸನ್ನದುಗಳನ್ನು ಹೊಸದಾಗಿ ಕೊಡುವುದು 1992ರಲ್ಲೇ ನಿಂತಿತ್ತು. ಹಳೆಯ ಸನ್ನದಿಗೆ ಅದರಿಂದಲೇ ಭಾರಿ ಬೆಲೆ ಬಂತು. ಸರ್ಕಾರಿ ಸಂಸ್ಥೆಯಾದ ಎಂಎಸ್‌ಐಎಲ್ ಮಳಿಗೆಗಳು ಸಿಎಲ್-11ಸಿ ಹೆಸರಿನಲ್ಲಿ ಸೇರಿಕೊಂಡವು. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಅಂತರ ವಿಧಿಸಿತು. ಸಣ್ಣ ಊರುಗಳಲ್ಲಿ ಅದನ್ನು 220 ಮೀಟರಿಗೆ ಇಳಿಸಿತು. ಹಿರಿಯೂರು, ಚಿತ್ರದುರ್ಗಗಳ ಹೆದ್ದಾರಿಯಂಚಿನ ವ್ಯಾಪಾರವೂ ಈ ಅಳತೆಗೋಲಿನಡಿ ಬಂತು.

ಇದೆಲ್ಲದರ ಫಲ ಹಳ್ಳಿಯಲ್ಲಿ ಕಾಣುತ್ತದೆ. ಸನ್ನದು ಪೇಟೆಯಲ್ಲಿದೆ, ಕುಡಿಯುವವನು ಊರಲ್ಲಿದ್ದಾನೆ. ನಡುವಿನ ಹಾದಿಯನ್ನು ಪೆಟ್ಟಿಗೆ ಅಂಗಡಿಯವನು ತುಂಬುತ್ತಾನೆ. ಪೇಟೆಯಲ್ಲಿ ಎಂಆರ್‌ಪಿಗೆ ಕೊಂಡದ್ದನ್ನು ಊರಲ್ಲಿ ಮೇಲೆ ಇಟ್ಟು ಮಾರುತ್ತಾನೆ, ಸಾಲವನ್ನೂ ಕೊಡುತ್ತಾನೆ. ಅವನಿಗೆ ಹೊತ್ತುಗೊತ್ತಿಲ್ಲ, ದೇವಸ್ಥಾನದ ಅಂತರವೂ ಇಲ್ಲ. ಪ್ಯಾಕೆಟ್ ಮೇಲೆ ಅಚ್ಚಾದ ಬೆಲೆ ಪೇಟೆಯ ಅಂಗಡಿಯ ಬಾಗಿಲಲ್ಲೇ ಉಳಿದುಬಿಡುತ್ತದೆ.

ಗಡಿಯಾಚೆಯ ಪಾಠ

ಜಿಲ್ಲೆಯ ಪೂರ್ವಕ್ಕೆ ಆಂಧ್ರದ ಗಡಿ. ಅಲ್ಲಿ 2019ರ ಅಕ್ಟೋಬರ್‌ನಲ್ಲಿ ಸರ್ಕಾರವೇ ಮದ್ಯದಂಗಡಿಗಳನ್ನು ವಹಿಸಿಕೊಂಡಿತು. 2020ರ ಮೇ ತಿಂಗಳಲ್ಲಿ ಬೆಲೆಯನ್ನು ಎರಡು ಕಂತಿನಲ್ಲಿ ಒಟ್ಟು ಶೇ 75 ಏರಿಸಿತು. ಪರಿಚಿತ ಬ್ರಾಂಡುಗಳು ಅಪರೂಪವಾದವು. ಕರ್ನಾಟಕದ ಪ್ಯಾಕೆಟ್ಟುಗಳು ಗಡಿ ದಾಟತೊಡಗಿದವು. 2024ರ ಅಕ್ಟೋಬರ್‌ನಲ್ಲಿ ಅಲ್ಲಿ ಖಾಸಗಿ ಅಂಗಡಿಗಳು ಮರಳಿದವು, 99 ರೂಪಾಯಿಯ ಕ್ವಾರ್ಟರ್ ಕೂಡ ಬಂತು. ಕುಡಿಯುವವನ ಕಾಲು ಅಗ್ಗ ಇದ್ದ ಕಡೆ ನಡೆಯುತ್ತದೆ. ಸುಂಕದ ಆಜ್ಞೆಯಾದರೋ ಗಡಿಗಲ್ಲಿನ ಬಳಿ ನಿಲ್ಲುತ್ತದೆ.

ಸಮಾರೋಪ

2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಪಾನನಿಷೇಧ ಕೇಳಿದರು. ತುರುವನೂರಿನ ಕೊಡಲಿಗೂ ಆ ನಡಿಗೆಗೂ ನಡುವೆ 80 ವರ್ಷ. 1939ರವರ ಎದುರಿಗೆ ಕಡಿಯಲು ಒಂದು ಮರವಿತ್ತು. 2019ರವರ ಎದುರಿಗೆ ಇದ್ದದ್ದು ಸ್ಲ್ಯಾಬು, ಸನ್ನದು, ಡಿಪೊಗಳ ಜಾಲ. ನಿಷೇಧ ಬೇಕೋ ಬೇಡವೋ ಎಂಬ ಚರ್ಚೆ ಮುಂದುವರಿಯಲಿ. ಅಷ್ಟರೊಳಗೆ ಸುಂಕದಷ್ಟೇ ನಿಷ್ಠೆಯಿಂದ ಪೆಟ್ಟಿಗೆ ಅಂಗಡಿಯ ಲೆಕ್ಕವನ್ನೂ ಸರ್ಕಾರ ಹಿಡಿಯಬೇಕು. ಡಿಪೊದಿಂದ ಹೊರಟ ಪ್ರತಿ ಪೆಟ್ಟಿಗೆ ಯಾವ ಸನ್ನದಿಗೆ ಹೋಯಿತೆಂದು ಅದಕ್ಕೆ ಗೊತ್ತಿದೆ. ಅಲ್ಲಿಂದ ಯಾವ ಊರಿಗೆ ಹೋಗುತ್ತದೆ ಎಂಬುದು ಆ ಊರಿನ ಹೆಣ್ಣುಮಕ್ಕಳಿಗೆ ಗೊತ್ತಿದೆ.