ಬಚ್ಚಲುಮನೆಯ ಪರದೆಗೂ ಬೇಕು ಕೊಬ್ಬರಿ ಅಟ್ಟದ ಗಾಳಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರಿಗೆ ಬೂಷ್ಟಿನ ಪರಿಚಯ ಹೊಸದೇನಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ 8ರಿಂದ 12 ತಿಂಗಳು ಕಾದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದಾಗ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಹಸಿ ತಿರುಳಿನಲ್ಲಿ ಶೇ 45ರಿಂದ 50ರಷ್ಟಿರುವ ತೇವಾಂಶ ಶೇ 6-7ರ ಆಸುಪಾಸಿಗೆ ಇಳಿಯಬೇಕು. ಇಳಿಯದೆ ಉಳಿದ ಕಾಯಿಗೆ ಬೂಷ್ಟು ಹಿಡಿಯುತ್ತದೆ, ಕೌಟು ವಾಸನೆ ಬರುತ್ತದೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಗುಣಮಟ್ಟವಿಲ್ಲದ ಮಾಲಿಗೆ ಆ ಬೆಲೆ ದೊರೆಯದು. ಆದ್ದರಿಂದಲೇ ಅಟ್ಟದ ಹಲಗೆಗಳ ನಡುವೆ ಸಂದು ಬಿಡುತ್ತಾರೆ. ಗಾಳಿ ಕೆಳಗಿನಿಂದ ಮೇಲಕ್ಕೆ ಹಾದುಹೋಗಲಿ ಎಂಬುದೇ ಇದರ ಉದ್ದೇಶ.

ವಿಚಿತ್ರವೆಂದರೆ, ವರ್ಷವಿಡೀ ಕೊಬ್ಬರಿಯನ್ನು ಒಣಗಿಸಿಡಬಲ್ಲ ಈ ಬಯಲುಸೀಮೆಯ ಪಟ್ಟಣಗಳ ಹೊಸ ಮನೆಗಳಲ್ಲಿ ಸ್ನಾನದ ಪರದೆ ಕೆಲವೇ ತಿಂಗಳಲ್ಲಿ ಕಪ್ಪು ಚುಕ್ಕೆ ಹೊತ್ತು ನಿಲ್ಲುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕಥೆಯೂ ಇದೇ. ಹವೆ ಒಣಗಿದ್ದರೇನು, ಬಾಗಿಲು ಕಿಟಕಿ ಮುಚ್ಚಿದ ಸ್ನಾನಗೃಹದೊಳಗೆ ಮಳೆಗಾಲ ಮುಗಿಯುವುದೇ ಇಲ್ಲ.

ಹಳೆಯ ಬಚ್ಚಲಿನಲ್ಲಿ ಏನಿತ್ತು?

ಈ ಭಾಗದ ಹಳೆಯ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ, ಅದರಡಿ ಒಲೆ. ತೆಂಗಿನ ಮಟ್ಟೆ, ಗರಿ, ಸಿಪ್ಪೆ, ಕರಟ ಇವೇ ಉರುವಲು. ದಿನಕ್ಕೊಮ್ಮೆಯಾದರೂ ಉರಿಯುವ ಒಲೆ ಗೋಡೆಯ ತೇವವನ್ನು ಆರಿಸುತ್ತಿತ್ತು. ಹೊಗೆ ಹೊರಹೋಗಲೇಬೇಕಾದ್ದರಿಂದ ಮಾಡಿನಲ್ಲಿಯೋ ಗೋಡೆಯಲ್ಲಿಯೋ ಕಿಂಡಿ ಇರಲೇಬೇಕಿತ್ತು. ಹೊಗೆಯಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳು ಶಿಲೀಂಧ್ರಕ್ಕೆ ವಿರೋಧಿಗಳು. ಹೊಗೆಯಿಂದ ಕಣ್ಣುರಿ, ಕೆಮ್ಮು ತಪ್ಪುತ್ತಿರಲಿಲ್ಲ ಎಂಬುದೂ ನಿಜವೇ. ಆ ಒಲೆಯನ್ನು ಮರಳಿ ತರಬೇಕೆಂದು ಯಾರೂ ಹೇಳಲಾರರು. ಆದರೆ ಒಲೆ ಹೋದಾಗ ಅದರ ಜೊತೆಗೆ ಕಿಂಡಿಯೂ ಹೋಯಿತು ಎಂಬುದನ್ನು ಮನೆ ಕಟ್ಟಿಸುವವರು ಗಮನಿಸಲಿಲ್ಲ.

ದೀಪಾವಳಿಯ ನೀರು ತುಂಬುವ ಹಬ್ಬವನ್ನೂ ಇಲ್ಲಿ ನೆನೆಯಬಹುದು. ನರಕ ಚತುರ್ದಶಿಯ ಹಿಂದಿನ ದಿನ ಬಚ್ಚಲನ್ನು ತಿಕ್ಕಿ ತೊಳೆದು, ಹುಣಸೆಹಣ್ಣು ಬೂದಿಯಿಂದ ಹಂಡೆ ಬೆಳಗಿ, ಕೆಮ್ಮಣ್ಣು ಸುಣ್ಣ ಬಳಿದು ಹೊಸ ನೀರು ತುಂಬುವುದು ಪದ್ಧತಿ. ತುಮಕೂರು ಜಿಲ್ಲೆಯಲ್ಲಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳೇ ಮಳೆ ಜೋರಾಗಿರುವ ಕಾಲ. ಅದು ಮುಗಿಯುವ ವೇಳೆಗೆ ಸರಿಯಾಗಿ ಈ ಶುಚಿ ಕಾರ್ಯ ಬರುತ್ತದೆ. ಸುಣ್ಣ ಬಳಿಯುವುದು ಬರಿಯ ಅಲಂಕಾರವಲ್ಲ. ಹಸಿ ಸುಣ್ಣ ತೀವ್ರ ಕ್ಷಾರ. ಅದರ ಮೇಲೆ ಬೂಷ್ಟು ಬೇರೂರದು. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತಾ ಸುಣ್ಣ ನಿಧಾನವಾಗಿ ಸುಣ್ಣಕಲ್ಲಾಗಿ ಮಾರ್ಪಟ್ಟು ಈ ಗುಣ ಕಳೆದುಕೊಳ್ಳುತ್ತದೆ. ಆದ್ದರಿಂದ ವರ್ಷವರ್ಷವೂ ಬಳಿಯಬೇಕು. ಟೈಲ್ಸ್ ಸಂದಿನ ಸಿಮೆಂಟಿನದೂ ಇದೇ ಪಾಡು. ಹೊಸದರಲ್ಲಿ ಬೆಳ್ಳಗಿದ್ದು, ಕ್ಷಾರ ಕಳೆದಂತೆ ಕಪ್ಪಿಡುತ್ತದೆ.

ಪರದೆ ಕಪ್ಪಾಗುವ ಬಗೆ

ಶಿಲೀಂಧ್ರದ ಬೀಜಕಣಗಳು ಎಲ್ಲೆಡೆ ಗಾಳಿಯಲ್ಲಿ ತೇಲುತ್ತಲೇ ಇರುತ್ತವೆ. ಅವುಗಳನ್ನು ಮನೆಯಿಂದ ಪೂರ್ತಿ ಹೊರಗಿಡುವುದು ಅಸಾಧ್ಯ. ಬೆಳೆಯಲು ಅವಕ್ಕೆ ನೀರು ಮತ್ತು ಆಹಾರ ಬೇಕು. ಪ್ಲಾಸ್ಟಿಕ್ ಪರದೆಯ ಮೇಲೆ ಕೂರುವ ಸೋಪಿನ ಜಿಡ್ಡು, ಚರ್ಮದ ಹೊಟ್ಟು, ಎಣ್ಣೆಸ್ನಾನದ ದಿನ ಸಿಡಿದ ಕೊಬ್ಬರಿ ಎಣ್ಣೆ ಇವೆಲ್ಲವೂ ಆಹಾರವೇ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಬಿಳಿ ಪೊರೆಯಾಗುತ್ತವೆ. ತೆಂಗಿನೆಣ್ಣೆಯ ಸೋಪು ಗಡಸು ನೀರಿನಲ್ಲೂ, ಸಮುದ್ರದ ಉಪ್ಪು ನೀರಿನಲ್ಲೂ ನೊರೆ ಕೊಡುತ್ತದೆ. ಅದರಲ್ಲಿರುವ ಲಾರಿಕ್ ಆಮ್ಲವೇ ಇದಕ್ಕೆ ಕಾರಣ. ಆದರೂ ಪೊರೆ ಕಟ್ಟುವುದು ಪೂರ್ತಿ ತಪ್ಪದು.

ಸ್ನಾನಗೃಹದ ಕಪ್ಪು ಕಲೆಗಳಲ್ಲಿ ಕ್ಲ್ಯಾಡೋಸ್ಪೋರಿಯಂ, ಆಸ್ಪರ್ಜಿಲಸ್ ಮೊದಲಾದ ಜಾತಿಗಳು ಸಾಮಾನ್ಯ. ಕೊಬ್ಬರಿ, ಕಡಲೆಕಾಯಿಗಳನ್ನು ಕೆಡಿಸಿ ಅಫ್ಲಾಟಾಕ್ಸಿನ್ ವಿಷ ಉಂಟುಮಾಡುವ ಬೂಷ್ಟು ಈ ಆಸ್ಪರ್ಜಿಲಸ್ ಕುಲಕ್ಕೇ ಸೇರಿದ್ದು. ಪರದೆಯ ಅಂಚಿನಲ್ಲಿ, ನಲ್ಲಿಯ ಬುಡದಲ್ಲಿ ಕಾಣುವ ಗುಲಾಬಿ ಲೋಳೆ ಮಾತ್ರ ಬೂಷ್ಟಲ್ಲ. ಅದು ಬಹುತೇಕ ಸೆರೇಷಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾ. ಇದನ್ನು ಸೋಪಿನ ಬಣ್ಣವೆಂದು ತಿಳಿದು ಬಿಡುವವರೇ ಹೆಚ್ಚು.

ತೇವ ಮತ್ತು ಬೂಷ್ಟಿನಿಂದ ಕೂಡಿದ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ ಹಾಗೂ ಆಸ್ತಮಾ ಉಲ್ಬಣಿಸುವ ಸಂಭವ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. ಆಸ್ತಮಾ ಇರುವ ಮಗುವೋ ವೃದ್ಧರೋ ಇರುವ ಮನೆಯಲ್ಲಿ ಪರದೆಯ ಚುಕ್ಕೆ ಕೇವಲ ಅಂದಗೇಡಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ತೊಳೆಯುವ ಕ್ರಮ

ಪರದೆಯನ್ನು ಕೊಂಡಿಯಿಂದ ಬಿಡಿಸಿ ನೆಲದ ಮೇಲೆ ಹರವಿಕೊಳ್ಳಬೇಕು. ನೇತಾಡುತ್ತಿರುವಾಗಲೇ ಉಜ್ಜಿದರೆ ಮಡಿಕೆಗಳು ಹಾಗೆಯೇ ಉಳಿಯುತ್ತವೆ. ಮೊದಲು ಜಿಡ್ಡು ಹೋಗಬೇಕು. ಉಗುರುಬೆಚ್ಚಗಿನ ನೀರಿಗೆ ಬಟ್ಟೆ ಒಗೆಯುವ ಪುಡಿ ಅಥವಾ ಸ್ವಲ್ಪ ವಾಷಿಂಗ್ ಸೋಡಾ ಬೆರೆಸಿ ಮೆತ್ತನೆಯ ಬ್ರಷ್‌ನಿಂದ ಉಜ್ಜಬೇಕು. ತೆಂಗಿನ ನಾರಿನ ಗಟ್ಟಿ ಉಂಡೆ ಹಂಡೆಗೆ ಸರಿ, ಪ್ಲಾಸ್ಟಿಕ್ಕಿಗೆ ಸಲ್ಲ. ಅದು ಮಾಡುವ ಗೀರುಗಳಲ್ಲಿ ಮುಂದಿನ ಬೂಷ್ಟು ಮನೆ ಮಾಡುತ್ತದೆ. ನಂತರ ಬಿಳಿ ಪೊರೆಯನ್ನು ಕರಗಿಸಲು ಆಮ್ಲ ಬೇಕು. ಸಮಪಾಲು ನೀರು ಬೆರೆಸಿದ ವಿನಿಗರ್‌ನಲ್ಲಿ ಅರ್ಧ ತಾಸು ನೆನೆಸಿದರೆ ಸಾಕು. ತೆಂಗಿನ ನೀರನ್ನು ಹುಳಿಯಿಸಿ ತಯಾರಿಸುವ ವಿನಿಗರ್ ಆದರೂ ಆದೀತು, ಅದರಲ್ಲಿರುವುದೂ ಅಸಿಟಿಕ್ ಆಮ್ಲವೇ. ವಿನಿಗರ್ ಮತ್ತು ಸೋಡಾ ಎರಡನ್ನೂ ಒಟ್ಟಿಗೆ ಸುರಿದು ನೊರೆ ಉಕ್ಕಿಸುವ ವಿಧಾನ ಮಾತ್ರ ವ್ಯರ್ಥ. ಆಮ್ಲ ಕ್ಷಾರ ಒಂದನ್ನೊಂದು ಕೊಂದುಕೊಂಡು ನೋಟವಷ್ಟೇ ಉಳಿಯುತ್ತದೆ.

ವಾಷಿಂಗ್ ಮಷಿನ್‌ಗೆ ಹಾಕುವುದಾದರೆ ಎರಡು ಹಳೆಯ ಟವೆಲ್‌ಗಳನ್ನು ಜೊತೆಗೆ ಹಾಕಬೇಕು. ಅವು ಪರದೆಯನ್ನು ಮೃದುವಾಗಿ ತಿಕ್ಕುತ್ತವೆ. ಕುದಿನೀರು, ಬಿಸಿಗಾಳಿಯ ಡ್ರೈಯರ್ ಬೇಡ. ಪಿವಿಸಿ ಪರದೆ ಮುದುಡಿಹೋಗುತ್ತದೆ. ಹಿಂಡದೆ ನೆರಳಿನಲ್ಲಿ ಹರವಿ ಒಣಗಿಸುವುದು ಉತ್ತಮ. ಪಾಲಿಯೆಸ್ಟರ್ ಬಟ್ಟೆಯ ಪರದೆ ಇಷ್ಟು ನಾಜೂಕಿನದಲ್ಲ, ಇತರ ಬಟ್ಟೆಯಂತೆಯೇ ಒಗೆಯಬಹುದು.

ಇಷ್ಟಾದರೂ ಹೋಗದ ಕಪ್ಪು ಚುಕ್ಕೆಗೆ ಬ್ಲೀಚ್. 16 ಪಾಲು ನೀರಿಗೆ 1 ಪಾಲು ಮನೆಬಳಕೆಯ ದ್ರವ ಬ್ಲೀಚ್ ಬೆರೆಸಿ, ಕೈಗವಸು ತೊಟ್ಟು, ಕಿಟಕಿ ಬಾಗಿಲು ತೆರೆದಿಟ್ಟು ಬಳಸಬೇಕು. ವಿನಿಗರ್‌ನಲ್ಲಿ ನೆನೆಸಿದ ದಿನವೇ ಬ್ಲೀಚ್ ಹಚ್ಚುವುದು ಬೇಡ. ಬ್ಲೀಚ್ ಜೊತೆಗೆ ವಿನಿಗರ್, ನಿಂಬೆಹುಳಿ ಅಥವಾ ಹೈಡ್ರೋಕ್ಲೋರಿಕ್ ಆಮ್ಲವಿರುವ ಶೌಚಾಲಯದ ದ್ರಾವಣ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿರಿದಾದ ಸ್ನಾನಗೃಹದಲ್ಲಿ ಇದು ಪ್ರಾಣಾಪಾಯಕ್ಕೂ ಎಡೆಮಾಡಬಹುದು. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣವನ್ನೂ ಬ್ಲೀಚ್‌ಗೆ ಬೆರೆಸಬಾರದು. ಬಚ್ಚಲ ನೀರನ್ನು ತೆಂಗಿನ ಬುಡಕ್ಕೋ ಬಾಳೆಗೋ ಬಿಡುವ ಮನೆಗಳಲ್ಲಿ ಬ್ಲೀಚ್, ಸೋಡಾ ಬೆರೆತ ನೀರನ್ನು ಆ ದಿನ ಬೇರೆಡೆ ಹರಿಸುವುದು ಒಳ್ಳೆಯದು.

ಮತ್ತೆ ಬಾರದಂತೆ

ನೆನೆದ ವಸ್ತು 24ರಿಂದ 48 ತಾಸಿನೊಳಗೆ ಒಣಗಿದರೆ ಸಾಮಾನ್ಯವಾಗಿ ಬೂಷ್ಟು ಬೆಳೆಯದು. ಸ್ನಾನದ ಪರದೆಗೆ ಆ ಭಾಗ್ಯವಿಲ್ಲ. ಒಣಗುವ ಮೊದಲೇ ಮರುದಿನದ ಸ್ನಾನ ಬಂದಿರುತ್ತದೆ. ಆದ್ದರಿಂದ ಸ್ನಾನವಾದ ಕೂಡಲೇ ಪರದೆಗೆ ತಣ್ಣೀರು ಎರಚಿ ಸೋಪಿನ ನೀರು ತೊಳೆದು, ಒದರಿ, ಪೂರ್ತಿ ಹರವಿ ಬಿಡಬೇಕು. ಮೂಲೆಗೆ ಸರಿಸಿ ಮಡಿಕೆ ಕಟ್ಟುವ ಅಭ್ಯಾಸವೇ ಅರ್ಧ ತೊಂದರೆಗೆ ಮೂಲ. ಪರದೆಯ ಕೆಳಅಂಚು ನೆಲಕ್ಕೆ ತಾಗದೆ ಎರಡು ಮೂರು ಅಂಗುಲ ಮೇಲಿರಲಿ.

ಗಾಳಿ ಹೊರದೂಡುವ ಫ್ಯಾನ್ ಇದ್ದರೆ ಸ್ನಾನದ ನಂತರವೂ 20-30 ನಿಮಿಷ ಓಡಬೇಕು. ಬಾಗಿಲಿನ ಕೆಳಗೆ ಸಂದಿಲ್ಲದಿದ್ದರೆ ಫ್ಯಾನ್ ಸುತ್ತಿದರೂ ಗಾಳಿ ಬರುವ ದಾರಿಯಿರದು. ಕೊಬ್ಬರಿ ಅಟ್ಟದ ಹಲಗೆ ಸಂದಿನ ಕೆಲಸವನ್ನು ಇಲ್ಲಿ ಬಾಗಿಲಿನ ಸಂದು ಮಾಡುತ್ತದೆ. ಚಳಿಗೆ ಹೆದರಿ ವೆಂಟಿಲೇಟರ್‌ಗೆ ಪ್ಲಾಸ್ಟಿಕ್ ಹೊದಿಸುವವರು ಇನ್ನೊಂದು ಅಪಾಯವನ್ನೂ ತಿಳಿದಿರಬೇಕು. ಸ್ನಾನಗೃಹದೊಳಗೇ ಗ್ಯಾಸ್ ಗೀಸರ್ ಇದ್ದರೆ, ಗಾಳಿಯಾಡದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದರಿಂದ ಸ್ನಾನಕ್ಕೆ ಹೋದವರು ಮೃತಪಟ್ಟ ಪ್ರಕರಣಗಳು ರಾಜ್ಯದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಹಳೆಯ ಒಲೆಯ ಹೊಗೆ ಕಣ್ಣುರಿಸಿಯಾದರೂ ಎಚ್ಚರಿಸುತ್ತಿತ್ತು, ಗೀಸರ್ ಎಚ್ಚರಿಸುವುದಿಲ್ಲ. ಗೀಸರನ್ನು ಸ್ನಾನಗೃಹದ ಹೊರಗೆ ಅಳವಡಿಸುವುದೇ ಸುರಕ್ಷಿತ.

ಎರಡು ಮೂರು ಬಾರಿ ತೊಳೆದರೂ ಚುಕ್ಕೆ ಮರುಕಳಿಸಿದರೆ, ಪರದೆ ಬಿರುಸಾಗಿ ಬಿರುಕು ಬಿಟ್ಟರೆ ಅದನ್ನು ಬದಲಿಸುವುದೇ ಸರಿ. ಹಳೆಯ ಪರದೆಯನ್ನು ಒಣಕಸದೊಂದಿಗೆ ಕೊಡಬೇಕು. ಇಂದಿಗೂ ಒಲೆಯಲ್ಲಿ ನೀರು ಕಾಯಿಸುವ ಮನೆಗಳಲ್ಲಿ ಮಟ್ಟೆ, ಕರಟದ ಜೊತೆಗೆ ಪ್ಲಾಸ್ಟಿಕ್ಕನ್ನೂ ಒಲೆಗೆ ತುರುಕುವುದುಂಟು. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಡಯಾಕ್ಸಿನ್‌ಗಳೂ ಹೊರಬೀಳುತ್ತವೆ. ಆ ಒಲೆಯ ಬೂದಿಯನ್ನು ಪಾತ್ರೆ ಬೆಳಗಲು, ಗಿಡದ ಬುಡಕ್ಕೆ ಹಾಕಲು ಬಳಸಬಾರದು.