ಕೋಡ್ ರೂಪದ ಭದ್ರತಾ ನಿಯಮಗಳು

ಕ್ಲೌಡ್‌ಗೆಂದೇ ಕಟ್ಟಿದ ತಂತ್ರಾಂಶಗಳ ಭದ್ರತಾ ಕಟ್ಟುಪಾಡುಗಳನ್ನು ಸುತ್ತೋಲೆಯಲ್ಲಿ ಬರೆದಿಡದೆ, ಯಂತ್ರವೇ ಓದಿ ಜಾರಿಗೊಳಿಸುವಂತೆ ಬರೆಯುವ ಪದ್ಧತಿಯೇ ‘ಪಾಲಿಸಿ ಆಸ್ ಕೋಡ್’. ಯಾವ ಕಂಟೇನರೂ ರೂಟ್ ಅಧಿಕಾರದಲ್ಲಿ ಓಡಬಾರದು, ಸಂಸ್ಥೆಯ ರಿಜಿಸ್ಟ್ರಿಯಲ್ಲಿಲ್ಲದ ಇಮೇಜ್‌ಗೆ ಪ್ರವೇಶವಿಲ್ಲ ಎಂಬಂಥವು ಇದರ ಸಾಮಾನ್ಯ ನಿಯಮಗಳು.

ಇದರ ಅಗತ್ಯಕ್ಕೆ 2018ರ ಟೆಸ್ಲಾ ಪ್ರಕರಣವೊಂದೇ ಸಾಕ್ಷಿ. ಕಂಟೇನರುಗಳನ್ನು ನಡೆಸುವ ವ್ಯವಸ್ಥೆಯಾದ ಕುಬರ್ನೆಟಿಸ್‌ನ, ಕಂಪನಿಯಲ್ಲಿದ್ದ ನಿರ್ವಹಣಾ ಪುಟವೊಂದಕ್ಕೆ ಪಾಸ್‌ವರ್ಡೇ ಇರಲಿಲ್ಲ. ಒಳಹೊಕ್ಕವರು ಅಲ್ಲಿ ಕ್ರಿಪ್ಟೊ ಗಣಿಗಾರಿಕೆ ನಡೆಸುತ್ತಿದ್ದುದನ್ನು ರೆಡ್‌ಲಾಕ್ ಎಂಬ ಭದ್ರತಾ ಸಂಸ್ಥೆ ಪತ್ತೆಹಚ್ಚಿತು. ಬೀಗವನ್ನೇ ಹಾಕದ ಮನೆಗೆ ಕನ್ನ ಕೊರೆಯುವ ಶ್ರಮವೇಕೆ?

ಕುಬರ್ನೆಟಿಸ್‌ನಲ್ಲಿ ಪ್ರತಿ ಬದಲಾವಣೆಯ ಕೋರಿಕೆಯೂ ಎಪಿಐ ಸರ್ವರ್ ಮೂಲಕವೇ ಹಾಯಬೇಕು. ಕೇಳುವವರು ಯಾರು, ಅವರಿಗೆ ಅಧಿಕಾರವಿದೆಯೇ ಎಂಬ ಪರೀಕ್ಷೆ ಮುಗಿದು, ಕೋರಿಕೆ ದಾಖಲಾಗುವ ಮುನ್ನ ‘ಅಡ್ಮಿಷನ್’ ಹಂತ ಬರುತ್ತದೆ. ನಿಯಮಗಳು ಕೋರಿಕೆಯನ್ನು ತಡೆಯುವುದು ಇಲ್ಲಿ.

ಈ ಹಂತದ ಮೊದಲ ದೊಡ್ಡ ಪ್ರಯೋಗವಾದ ಪಾಡ್ ಸೆಕ್ಯುರಿಟಿ ಪಾಲಿಸಿ ಸೋತ ಕಥೆ ಗಮನಾರ್ಹ. ಪಾಡ್‌ಗೆ, ಅಂದರೆ ಒಟ್ಟಿಗೆ ಓಡುವ ಕಂಟೇನರುಗಳ ಘಟಕಕ್ಕೆ, ಯಾವ ನಿಯಮ ಅನ್ವಯಿಸುತ್ತದೆಂಬುದು, ಅದನ್ನು ಸೃಷ್ಟಿಸಿದ ಬಳಕೆದಾರನಿಗೋ ಪಾಡ್‌ನ ಸರ್ವಿಸ್ ಅಕೌಂಟಿಗೋ ಯಾವ ನಿಯಮ ಬಳಸುವ ಅನುಮತಿ ಇದೆಯೆಂಬುದರ ಮೇಲೆ ನಿಂತಿತ್ತು. ಅನುಭವಿಗಳೂ ಇದರಲ್ಲಿ ದಾರಿ ತಪ್ಪುತ್ತಿದ್ದರು. ತಡೆಯದೆ ಬರಿದೇ ಗಮನಿಸಿ ನೋಡುವ ಸೌಲಭ್ಯ ಇರಲಿಲ್ಲ. ನಿಯಮ ಬರೆಯದೆ ವ್ಯವಸ್ಥೆಯನ್ನು ಚಾಲೂ ಮಾಡಿದರೆ ಒಂದು ಪಾಡ್ ಕೂಡ ಹುಟ್ಟುತ್ತಿರಲಿಲ್ಲ. ಹೀಗಾಗಿ ಎಷ್ಟೋ ಕಡೆ ಅದನ್ನು ಮುಟ್ಟುವ ಗೋಜಿಗೇ ಯಾರೂ ಹೋಗಲಿಲ್ಲ. 2021ರಲ್ಲಿ ಅದರ ನಿವೃತ್ತಿ ಘೋಷಣೆಯಾಗಿ, 2022ರ 1.25ನೇ ಆವೃತ್ತಿಯಲ್ಲಿ ಕಿತ್ತುಹಾಕಲಾಯಿತು. ಬದಲಿಗೆ ಬಂದ ವ್ಯವಸ್ಥೆಯಲ್ಲಿ ಪ್ರಿವಿಲೆಜ್ಡ್, ಬೇಸ್‌ಲೈನ್, ರಿಸ್ಟ್ರಿಕ್ಟೆಡ್ ಎಂಬ ಮೂರೇ ಮಟ್ಟಗಳಿವೆ. ತಡೆಯದೆ ಎಚ್ಚರಿಸುವ, ಲಾಗ್‌ನಲ್ಲಿ ದಾಖಲಿಸುವ ಆಯ್ಕೆಗಳೂ ಇವೆ.

ಹೆಚ್ಚಿನ ನಿಯಮ ಬೇಕಾದವರು ಹೊರಗಿನ ಸಾಧನಗಳಿಗೆ ಹೋಗುತ್ತಾರೆ. ಸ್ಟೈರಾ ಕಂಪನಿ 2016ರಲ್ಲಿ ಆರಂಭಿಸಿದ ಓಪನ್ ಪಾಲಿಸಿ ಏಜೆಂಟ್‌ನ ಭಾಷೆ ರೆಗೊ. ಡೇಟಾಲಾಗ್‌ನ ವಂಶದ ಇದು ಶಕ್ತವಾದರೂ ಹೊಸಬರಿಗೆ ಕಬ್ಬಿಣದ ಕಡಲೆ. ಇಂಥದೇ ಇನ್ನೊಂದು ಸಾಧನವಾದ ಕೈವರ್ನೊ ಜನಪ್ರಿಯವಾದದ್ದಕ್ಕೆ ಮುಖ್ಯ ಕಾರಣ, ಎಂಜಿನಿಯರುಗಳಿಗೆ ಆಗಲೇ ರೂಢಿಯಾಗಿದ್ದ ಯಾಮಲ್‌ನಲ್ಲೇ ಅದರ ನಿಯಮ ಬರೆಯಬಹುದೆಂಬುದು.

ಕಾನೂನು ಪಾಲನೆಗೂ ಇದೇ ವಿಧಾನ ಒದಗುತ್ತದೆ. ಭಾರತದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಲಾಗ್‌ಗಳನ್ನು 180 ದಿನ ಉಳಿಸಬೇಕೆಂದೂ, ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂದೂ ಹೇಳುತ್ತದೆ. ಲಾಗ್ ಉಳಿಸುವ ಅವಧಿಯನ್ನು, ಕ್ಲೌಡ್ ವ್ಯವಸ್ಥೆಯನ್ನು ಕೋಡ್‌ನಲ್ಲಿ ವಿವರಿಸುವ ಟೆರಾಫಾರ್ಮ್ ಕಡತ ಜಾರಿಗೆ ಬರುವ ಮುನ್ನವೇ ಪರೀಕ್ಷಿಸಬಹುದು. ವರದಿ ಮಾತ್ರ ಮನುಷ್ಯರೇ ಬರೆಯಬೇಕು.

ಅತಿ ಕಠಿಣ ನಿರ್ಧಾರವೆಂದರೆ, ಅಡ್ಮಿಷನ್ ಹಂತದಲ್ಲಿ ಈ ಹೊರಗಿನ ಸಾಧನಗಳ ಪರವಾಗಿ ನಿಯಮ ನೋಡುವ ವೆಬ್‌ಹುಕ್ಕೇ ಉತ್ತರಿಸದಿದ್ದರೆ ಏನು ಮಾಡಬೇಕೆಂಬುದು. ‘ಫೇಲ್’ ಎಂದಿಟ್ಟರೆ ಕ್ಲಸ್ಟರ್ ಸ್ತಬ್ಧವಾಗಬಹುದು. ಆ ವೆಬ್‌ಹುಕ್‌ನ ಪಾಡ್‌ಗಳೇ ಮರಳಿ ಏಳಲಾರದೆ ಹೋಗಬಹುದು. ‘ಇಗ್ನೋರ್’ ಎಂದರೆ ತಪಾಸಣೆಯೇ ಇಲ್ಲದೆ ಎಲ್ಲವೂ ಒಳಗೆ. ಆದ್ದರಿಂದ ವ್ಯವಸ್ಥೆಯ ಮುಖ್ಯ ನೇಮ್‌ಸ್ಪೇಸ್‌ಗಳಿಗೆ ವಿನಾಯಿತಿ ಕೊಡುವುದು ರೂಢಿ. ದಾಳಿಕೋರರಿಗೆ ಆಸೆ ಹುಟ್ಟಿಸುವ ಜಾಗವೂ ಅದೇ. ಕೈವರ್ನೊದಲ್ಲಿ ವಿನಾಯಿತಿಯನ್ನೂ ಪ್ರತ್ಯೇಕ ದಾಖಲೆಯಾಗಿ ಬರೆಯಬಹುದಾದ್ದರಿಂದ, ಯಾವ ಪಾಡ್ ಯಾವ ನಿಯಮದಿಂದ ಪಾರಾಗಿದೆಯೆಂದು ಆಡಿಟರ್ ಹುಡುಕಿ ಓದಬಹುದು.