ಹಿಡಿ ಹೇಳುವ ಚರಿತ್ರೆ

ಹಳೆಯ ಕತ್ತಿಯೊಂದು ಕಣ್ಣಿಗೆ ಬಿದ್ದರೆ ನಾವು ಮೊದಲು ನೋಡುವುದು ಅಲಗನ್ನು. ಮರುಕ್ಷಣವೇ ಕೇಳುತ್ತೇವೆ: ಇದು ಯಾರದು, ಹಿಂದೂಗಳದೋ ಮುಸಲ್ಮಾನರದೋ? ಆಯುಧ ಬಲ್ಲವರು ಹಾಗೆ ಕೇಳುವುದಿಲ್ಲ. ಅವರು ಹಿಡಿ ನೋಡುತ್ತಾರೆ.

ತಲವಾರದ ಹಿಡಿ ಇಡಿಯಾಗಿ ಲೋಹದ್ದು. ಮುಷ್ಟಿಗೆ ಸಿಗುವ ಭಾಗ ನಡುವೆ ಉಬ್ಬಿರುತ್ತದೆ. ತುದಿಯಲ್ಲಿ ತಟ್ಟೆಯಂಥ ಬಿಲ್ಲೆ. ಅದಕ್ಕೆ ಉರ್ದುವಿನಲ್ಲಿ ಕಟೋರಿ ಎನ್ನುತ್ತಾರೆ. ಖಂಡಾದ ಹಿಡಿಗೆ ಬೆರಳು ಕಾಯಲು ಅಗಲ ಪಟ್ಟಿ, ಬಿಲ್ಲೆಯ ಮೇಲೊಂದು ಉದ್ದನೆಯ ಕಡ್ಡಿ. ಎರಡೂ ಕೈಯಿಂದ ಬೀಸುವಾಗ ಎಡಗೈಗೆ ಅದು ಆಸರೆ. ಕಠಾರಿಯಲ್ಲಿ ಎರಡು ಸರಳುಗಳ ನಡುವಿನ ಅಡ್ಡಪಟ್ಟಿಯೇ ಹಿಡಿ, ಗುದ್ದಿದಂತೆ ತಿವಿಯಬೇಕು. ಫಿರಂಗಿ ಎಂಬ ಕತ್ತಿಯ ಕಥೆ ಇನ್ನೂ ಸ್ವಾರಸ್ಯದ್ದು. ಅಲಗು ಕಡಲು ದಾಟಿ ಬಂದ ಯುರೋಪಿನದು, ಹಿಡಿ ಇಲ್ಲಿಯ ಕುಶಲಕರ್ಮಿ ಕೂಡಿಸಿದ್ದು. ಅದನ್ನು ಮರಾಠರೂ ಹಿಡಿದರು, ಮೊಗಲರೂ ಹಿಡಿದರು.

1756ರಲ್ಲಿ ಸವಣೂರಿಗೆ ಮುತ್ತಿಗೆ ಬಿತ್ತು. ಪೇಶ್ವೆ ಬಾಳಾಜಿ ಬಾಜೀರಾಯನನ್ನು ತೊರೆದು ಬಂದ ಸೇನಾನಿ ಮುಜಫ್ಫರ್ ಖಾನನಿಗೆ ನವಾಬ ಅಬ್ದುಲ್ ಹಕೀಂ ಖಾನ್ ಆಶ್ರಯ ಕೊಟ್ಟಿದ್ದ. ನವಾಬನ ಬೆನ್ನಿಗೆ ನಿಂತವನು ಗುತ್ತಿಯ ಮರಾಠಾ ಸರದಾರ ಮುರಾರಿರಾವ್ ಘೋರ್ಪಡೆ. ಪೇಶ್ವೆಯ ಕಡೆ ಸೇರಿದವರು ಹೈದರಾಬಾದಿನ ಸಲಾಬತ್ ಜಂಗ್ ಮತ್ತು ಫ್ರೆಂಚರ ಬುಸ್ಸಿ. ಕೋಟೆಯ ಒಳಗೂ ಹೊರಗೂ ಎರಡೂ ಧರ್ಮದವರಿದ್ದರು. ಕಾಳಗದಲ್ಲಿ ಕೈಜಾರಿದ ಕತ್ತಿಯ ಹಿಡಿ ನೋಡಿ ಅದು ಯಾವ ಪಾಳೆಯದ್ದೆಂದು ಹೇಗೆ ಹೇಳುವುದು?

ಬಂದೂಕಿನ ಮೂತಿಗೆ ಸಿಕ್ಕಿಸುವ ಸಂಗೀನಿಗೆ, ಅಂದರೆ ಬಯೊನೆಟ್ಟಿಗೆ, ಆ ಕಾಲದಲ್ಲಿ ಸಾಮಾನ್ಯವಾಗಿ ಹಿಡಿ ಇರುತ್ತಿರಲಿಲ್ಲ, ಬರಿಯ ಕೊಳವೆ. ಹಿಡಿಯುಳ್ಳವು ಹೆಚ್ಚು ಬಳಕೆಗೆ ಬಂದದ್ದು ಆಮೇಲೆ. ಜಪಾನಿನ ಸೈನ್ಯ 1897ರಲ್ಲಿ ತಂದ ಮಾದರಿಯ ಅಲಗು ಸುಮಾರು 40 ಸೆಂ.ಮೀ. ಮೊದಮೊದಲಿನವುಗಳ ಮರದ ಹಿಡಿ ಕೈಗೆ ಒಗ್ಗುವಂತೆ ಬಾಗಿತ್ತು, ಸ್ಕ್ರೂ ಹಾಕಿ ಬಿಗಿದಿದ್ದರು. ಎರಡನೆಯ ಮಹಾಯುದ್ಧದ ಅವಸರದಲ್ಲಿ ಹಿಡಿ ನೇರವಾಯಿತು, ಸ್ಕ್ರೂ ಹೋಗಿ ರಿವೆಟ್ ಬಂತು, ಕೊನೆಕೊನೆಗೆ ಮರ ಒರಟಾಗಿಯೇ ಉಳಿಯಿತು. 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕ್‌ನಲ್ಲಿ ಜಪಾನೀಯರನ್ನು ಎದುರಿಸಿದವರಲ್ಲಿ ಬೆಳಗಾವಿಯನ್ನು ಕೇಂದ್ರ ಮಾಡಿಕೊಂಡಿದ್ದ ಮರಾಠಾ ಪದಾತಿದಳದ ಒಂದು ಬೆಟಾಲಿಯನ್ ಕೂಡ ಇತ್ತು.

ಹಿಡಿಯ ಆಕಾರ ನೋಡಿ ಕಾಲ ಹೇಳಬಹುದು, ಕಾರ್ಖಾನೆ ಹೇಳಬಹುದು, ಮಾಡಿದವನಿಗೆ ಪುರುಸೊತ್ತಿತ್ತೋ ಇಲ್ಲವೋ ಎಂಬುದನ್ನೂ ಹೇಳಬಹುದು. ಹಿಡಿದವನ ದೇವರು ಯಾರೆಂದು ಹೇಳಲಾಗದು. ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರಿನ ಯಾವುದಾದರೂ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ಕತ್ತಿ ಸಿಕ್ಕರೆ ಅದನ್ನು ಗುಜರಿಗೆ ಹಾಕಬೇಡಿ, ಉಜ್ಜಿ ಹೊಳಪಿಸಲೂ ಹೋಗಬೇಡಿ. ಬಲ್ಲವರಿಗೆ ತೋರಿಸಿ. ನಮ್ಮ ಹಿರಿಯರು ಒಬ್ಬರ ಜೊತೆ ಒಬ್ಬರು ಹೇಗೆ ಬದುಕಿದ್ದರು, ಹೇಗೆ ಕಾದಾಡಿದ್ದರು ಎಂಬುದಕ್ಕೆ ಉಳಿದಿರುವ ಸಾಕ್ಷಿಗಳಲ್ಲಿ ಅದೂ ಒಂದು.